ಮಾಮಿಯ ಬಜೆ ಬೇರು

ಬಜೆ ಬೇರು ಇರುವ ಮನೆಯಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ನನ್ನ ಮಾಮಿಯ, ಅಂದರೆ ಹೆಂಡತಿಯ ತಾಯಿಯ ಮನೆಯಲ್ಲಂತೂ ನಡೆಯದ ದಿನವೇ ಇರಲಿಲ್ಲ. ಬೋಳಾರದ ಆ ಮನೆಯ ಅಡುಗೆಕೋಣೆಯ ಕಿಟಕಿಯಲ್ಲಿ ಗಂಧ ತೇಯುವ ಕಲ್ಲೊಂದು, ಪಕ್ಕದಲ್ಲಿ ಹೆಬ್ಬೆರಳಿನಷ್ಟು ದಪ್ಪದ ಗಂಟುಗಂಟು ಬೇರು. ಮಗುವಿನ ಹೊಟ್ಟೆನೋವಿಗೆ ಅದು, ತುರಿಕೆಗೆ ಅದು, ಮೊಡವೆಗೆ ಅದು, ತೊದಲುವ ನಾಲಗೆಗೂ ಅದು. ಯಾರಾದರೂ ಸುಮ್ಮನೆ ಸೀನಿದರೂ ಮಾಮಿಯ ಕೈ ಕಿಟಕಿಯ ಕಡೆ ಹೋಗುತ್ತಿತ್ತು. ನಾನು ಹಿಂದಿನಿಂದ ನಕ್ಕದ್ದುಂಟು. ಈಗ ನೆನೆದರೆ ಕೈಮುಗಿಯಬೇಕೆನಿಸುತ್ತದೆ.

೧. ಹೊಸ ಅಳಿಯನ ಕೆನ್ನೆ

ಆಗ ಬಿಳಿ ದೊರೆಗಳ ಕಾಲ. ನಾನು ನದಿ ಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ರೈಟರ್. ಹಂಚು ಸುಡುವ ಭಟ್ಟಿಯ ಮುಂದೆ ನಿಂತು ಲೆಕ್ಕ ಬರೆದು ಬರೆದು ಎಡಗೆನ್ನೆ ಕೆಂಪಗೆ ದದ್ದೆದ್ದಿತ್ತು. ಮದುವೆಯಾಗಿ ಮಾಮಿಯ ಮನೆಯಲ್ಲೇ ಉಳಿದುಕೊಂಡು ತಿಂಗಳೂ ಆಗಿರಲಿಲ್ಲ. ಮಾಮಿ ನನ್ನ ಮುಖ ನೋಡಿದವರೇ ಬಜೆಯನ್ನು ಅರಸಿನದ ಜೊತೆ ತೇದು ಕೆನ್ನೆಗೆ ಮೆತ್ತಿದರು.

"ಒಣಗುವವರೆಗೆ ಬಾಯಿ ಬಿಡಬೇಡಿ. ಬಿಟ್ಟರೆ ಬಿರುಕು ಬಿಡ್ತದೆ, ಮತ್ತೆ ಮೊದಲಿನಿಂದ ಹಚ್ಚಬೇಕು."

ಆ ಹೊತ್ತಿಗೇ ನಮ್ಮ ಕಾರ್ಖಾನೆಯ ಮೇಸ್ತ್ರಿ ಅಂಗಳಕ್ಕೆ ಬಂದ. ಇವನು ಮಾತಿಗೆ ನಿಂತರೆ ಭಟ್ಟಿಯೇ ಆರಿ ಹೋಗಬೇಕು, ಅಂಥವನು.

"ರೈಟರೇ, ಈ ಆದಿತ್ಯವಾರ ದೋಣಿಗೆ ಹಂಚು ತುಂಬಿಸಲಿಕ್ಕುಂಟು. ದೊರೆ ನಿಮ್ಮನ್ನು ಕೇಳಿದ್ದಾರೆ. ಆಗುವುದಿಲ್ಲವಾದರೆ ಈಗಲೇ ಹೇಳಿಬಿಡಿ ಮಾರಾಯ್ರೆ."

ನಾನು ಮಾಮಿಯ ಕಡೆ ನೋಡಿದೆ. ಮಾಮಿ ಬಾಗಿಲಲ್ಲಿ ನಿಂತು ತುಟಿಯ ಮೇಲೆ ಬೆರಳಿಟ್ಟರು.

"ಸಂತೋಷ," ಎಂದ ಮೇಸ್ತ್ರಿ. "ಮುಂದಿನ ಆದಿತ್ಯವಾರವೂ ಉಂಟು. ಆಗ್ತದಲ್ಲ? ಅದರ ಮುಂದಿನದ್ದು?"

ಮರುದಿನ ದೊರೆಯ ಹತ್ತಿರ, ಇಷ್ಟು ವಿಧೇಯ ರೈಟರನನ್ನು ತಾನು ನೋಡಿಯೇ ಇಲ್ಲ ಎಂದು ಹೊಗಳಿದನಂತೆ. ಕೆನ್ನೆ ನಾಲ್ಕು ದಿನದಲ್ಲಿ ವಾಸಿಯಾಯಿತು. ಆದಿತ್ಯವಾರಗಳು ಮುಗಿಯಲಿಕ್ಕೆ ತಿಂಗಳು ಹಿಡಿಯಿತು.

೨. ಹಂಚಿನ ಗುಣ

ನನ್ನ ಕೆನ್ನೆ ನುಣ್ಣಗಾದದ್ದನ್ನು ಮೇಸ್ತ್ರಿ ಗಮನಿಸಿದ್ದ. ಅವನ ಕುತ್ತಿಗೆಯಲ್ಲಿ ಬೆವರಿನ ತುರಿಕೆ. ಮಾಮಿಯನ್ನು ಕೇಳಿ ಒಂದು ತುಂಡು ಬಜೆ ತಂದುಕೊಟ್ಟು, "ಕಲ್ಲಿನ ಮೇಲೆ ನೀರು ಹಾಕಿ ತೇದು ಹಚ್ಚಿ," ಎಂದೆ.

ಮರುದಿನ ಕೆಲಸಕ್ಕೆ ಬಂದವನ ಕುತ್ತಿಗೆ, ಗದ್ದ, ಎರಡು ಕಿವಿ ಎಲ್ಲ ಕೆಂಪು. ದೊರೆ ಅವನನ್ನು ನೋಡಿ, ಎಲ್ಲಿ ಮಣ್ಣು ಅರೆಯುವ ಯಂತ್ರಕ್ಕೆ ಬಿದ್ದು ಎದ್ದು ಬಂದನೋ ಎಂದು ಹೌಹಾರಿದರು. ನಾನು ಓಡಿಹೋಗಿ ಕೇಳಿದೆ:

"ಎಂತ ಮಾಡಿದಿರಿ? ಯಾವ ಕಲ್ಲಿನಲ್ಲಿ ತೇದಿರಿ?"

"ಕಲ್ಲು ಯಾಕೆ? ಇಪ್ಪತ್ತು ವರ್ಷದಿಂದ ಹಂಚು ಮಾಡುವವನ ಮನೆಯಲ್ಲಿ ಕಲ್ಲಿಗೆ ತೇಯುವುದಾ? ಮರ್ಯಾದೆ ಪ್ರಶ್ನೆ! ಹೊಸ ಹಂಚಿನಲ್ಲಿಯೇ ತೇದೆ."

ಬೇರು ಸವೆಯುವ ಮೊದಲು ಹಂಚು ಸವೆದಿತ್ತು. ಆದರೂ ವಾರದೊಳಗೆ ತುರಿಕೆ ನಿಂತಿತು. ಮಾಮಿಗೆ ಒಂದು ಉಪಕಾರದ ಮಾತು ಹೇಳಲಿ ಎಂದು ಮನೆಗೆ ಕರೆದುಕೊಂಡು ಹೋದೆ. ಅವನು ಜಗಲಿಯಲ್ಲಿ ಕುಳಿತು ಬೆಲ್ಲ ನೀರು ಕುಡಿದು, "ನೋಡಿ ಅಮ್ಮ, ನಮ್ಮ ಹಂಚಿನಲ್ಲಿ ಎಂಥ ಮದ್ದಿನ ಗುಣ ಉಂಟು!" ಎಂದ.

೩. ಮೊದಲ ಮಾತು

ನಮ್ಮ ಮಗನಿಗೆ ಮೂರು ತುಂಬಿತು. ಮಾತಿಲ್ಲ. ಕಿವಿ ಚೆನ್ನಾಗಿತ್ತು, ಕರೆದರೆ ಬರುತ್ತಿದ್ದ, ಹಲಸಿನ ಹಣ್ಣು ಅಂದರೆ ಓಡಿ ಬರುತ್ತಿದ್ದ, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಹೆಂಡತಿ ಯಾರಿಗೂ ಕಾಣದಂತೆ ಅಳುತ್ತಿದ್ದಳು. ಕಂಡವರೆಲ್ಲ ಲೊಚಗುಟ್ಟಿ, "ಪಾಪ, ಮೂಗ" ಎಂದು ಹೇಳಿ ಹೋಗುತ್ತಿದ್ದರು. ಆ ಮಾತನ್ನು ಒಮ್ಮೆಯೂ ಆಡದಿದ್ದವರು ಮಾಮಿ ಒಬ್ಬರೇ. ದಿನಾ ಬೆಳಿಗ್ಗೆ ಬಜೆಯನ್ನು ಜೇನಿನಲ್ಲಿ ತೇದು ಅವನ ನಾಲಗೆಗೆ ಒಂದು ಬೊಟ್ಟು ಹಚ್ಚುತ್ತಿದ್ದರು. ಆಮೇಲೆ ಇಡೀ ದಿನ, ಅವನು ಉತ್ತರ ಕೊಡುತ್ತಿದ್ದಾನೆ ಎಂಬಂತೆಯೇ ಅವನ ಜೊತೆ ಮಾತಾಡುತ್ತಿದ್ದರು. "ಮೀನಿಗೆ ಹುಳಿ ಸಾಕಾ ಮಗಾ? ಸಾಕಲ್ಲ? ನನಗೂ ಹಾಗೆಯೇ ಕಂಡಿತು."

ಒಂದು ಬೆಳಿಗ್ಗೆ ಮೇಸ್ತ್ರಿ ಕಂಕುಳಲ್ಲಿ ಹೊಸ ಹಂಚು ಇಟ್ಟುಕೊಂಡು ಬಂದ.

"ಅಮ್ಮ, ನಿಮ್ಮ ಕಲ್ಲಿನಿಂದ ಇದು ಆಗುವ ಕೆಲಸ ಅಲ್ಲ. ಇದರಲ್ಲಿ ತೇದು ನೋಡಿ."

"ಮಗುವಿಗೆ ಮಣ್ಣು ತಿನ್ನಿಸುವುದಾ? ನನ್ನ ಕಲ್ಲಿಗೆ ಎಂತ ಆಗಿದೆ?"

"ಮೂರು ವರ್ಷ ಆಯ್ತಲ್ಲ, ಎಂತ ಮಾಡಿತು ನಿಮ್ಮ ಕಲ್ಲು?"

ಮಾಮಿಗೆ ಆ ಮಾತು ನಾಟಿತು. ಒಳಗೆ ಹೋಗಿ, ಸಿಟ್ಟಿನಲ್ಲಿ ಎಂದಿನ ನಾಲ್ಕರಷ್ಟು ತೇದು, ಬಟ್ಟಲು ಹಿಡಿದು ಬಂದರು. ಮಗ ಬಟ್ಟಲು ನೋಡಿದ. ಹಂಚು ನೋಡಿದ. ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಬೆನ್ನು ಕೊಟ್ಟು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದ:

"ಅಜ್ಜೀ, ಅದನ್ನು ಮೇಸ್ತ್ರಿಗೆ ಕೊಡು!"

ಹೆಂಡತಿ ಒಳಗಿನಿಂದ ಸೌಟು ಹಿಡಿದೇ ಓಡಿ ಬಂದು ಮಗನನ್ನು ಅಪ್ಪಿಕೊಂಡಳು. ನಾನು ಗಂಡಸು ಎಂಬುದನ್ನು ಮರೆತು ಅತ್ತುಬಿಟ್ಟೆ. ಬೇರಿನ ಗುಣವೋ, ಅವನ ಹೊತ್ತು ಬಂದಿತ್ತೋ, ಗೊತ್ತಿಲ್ಲ. ದಿನವಿಡೀ ಅವನ ಕಿವಿಗೆ ಮಾತು ತುಂಬಿಸಿದ ಮಾಮಿಯ ಋಣ ಮಾತ್ರ ನನ್ನ ಮೇಲೆ ಇನ್ನೂ ಉಂಟು.

ಮೇಸ್ತ್ರಿಯ ಕಣ್ಣೂ ಒದ್ದೆಯಾಗಿತ್ತು. ಆದರೆ ಅವನ ಬಾಯಿ ನಿಲ್ಲಬೇಕಲ್ಲ! "ಕಂಡಿರಾ ಅಮ್ಮ? ಹಂಚು ಬರೇ ನೋಡಿದ್ದಕ್ಕೇ ಮಾತು ಬಂತು!"

ಮಾಮಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಬಟ್ಟಲು ಹಿಡಿದುಕೊಂಡೇ ನೇರ ಅವನ ಮುಂದೆ ಹೋಗಿ ನಿಂತರು.

"ಬಾಯಿ ತೆಗೆಯಿರಿ ಮೇಸ್ತ್ರಿ."

"ನಾನಾ? ನನಗೆ ಮಾತು ಬರ್ತದಲ್ಲ ಅಮ್ಮ!"

"ಹುಟ್ಟಿದ ಮೇಲೆ ಮಗು ಬಾಯಿ ಬಿಟ್ಟು ಕೇಳಿದ್ದು ಇದೊಂದೇ. ಇಲ್ಲ ಅನ್ನಲಿಕ್ಕೆ ಆಗ್ತದಾ ನನಗೆ?"

ಮೇಸ್ತ್ರಿ ನನ್ನ ಕಡೆ ನೋಡಿದ. ನಾನು ತುಟಿಯ ಮೇಲೆ ಬೆರಳಿಟ್ಟೆ.