ಬರಿ ಹಣೆಯ ಚೆಲುವೆ

ಪಟದ ಗಾಜು ಬಿರುಕು ಬಿಟ್ಟಿತ್ತು, ಅಷ್ಟೆ. ಮೌಂಟ್ ಆಲ್ಬರ್ಟಿನ ವೃದ್ಧಾಶ್ರಮದಲ್ಲಿ ನರ್ಸ್ ಆಗಿದ್ದ ಶಿವಪ್ರಸಾದ್, "ಹೊಸ ಗಾಜು ಹಾಕಿಸ್ಕೊಂಡು ಶುಕ್ರವಾರ ಸಂಜೆ ತಂದ್ಕೊಡ್ತೀನಿ ಬೆರಿಲ್" ಎಂದು ಅದನ್ನು ಮನೆಗೆ ತಂದ. ಆಶ್ರಮದಲ್ಲಿದ್ದ ಎಂಬತ್ತೊಂಬತ್ತರ ಬೆರಿಲ್ ಅಜ್ಜಿಗೆ ಉಪಕಾರ ಮಾಡುವುದು ಬರೀ ನೆಪ. ಪಟದ ಹುಡುಗಿ ಮೂರು ದಿನವಾದರೂ ತನ್ನ ಕಣ್ಣೆದುರಿಗಿರಲಿ ಎಂಬುದೇ ಅವನ ಆಸೆ.

ಲಂಡನ್ನಿನ ಅರಮನೆಯಲ್ಲಿ ರಾಣಿಯರ ಚಿತ್ರ ಬರೆಯುತ್ತಿದ್ದವನೊಬ್ಬ ಹೆಚ್ಚುಕಮ್ಮಿ ಇನ್ನೂರು ವರ್ಷದ ಹಿಂದೆ ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಅಚ್ಚೊತ್ತಿಸಿದ ಚಿತ್ರ ಅದು. ಆಮೇಲೆ ಯಾರೋ ಕೂತು ಕೈಯಿಂದಲೇ ಬಣ್ಣ ತುಂಬಿದ್ದರು. ಕೆನ್ನೆಗೆ ಗುಲಾಬಿ, ಶಾಲಿಗೆ ಮಂಜಿನಂಥ ನೀಲಿ. ಕಣ್ಣು ಮಾತ್ರ ಎದುರಿದ್ದವರನ್ನು ದಾಟಿ ಎಲ್ಲೋ ದೂರದಲ್ಲಿ. ಡ್ಯೂಟಿ ಮುಗಿಸಿ ಅವಳ ಮುಂದೆ ಕೂತರೆ ಶಿವಪ್ರಸಾದನಿಗೆ ಕಿಟಕಿಯಾಚೆ ಮೋಡ ಬಂದದ್ದು, ಹೋದದ್ದು, ಕಾಫಿ ಆರಿದ್ದು ಒಂದೂ ತಿಳಿಯುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಚಿತ್ರವನ್ನು ಬಿಚ್ಚಿ ದೇವರ ಕಪಾಟಿನ ಪಕ್ಕ ಒರಗಿಸಿ, ಚೌಕಟ್ಟನ್ನಷ್ಟೇ ಈಸ್ಟ್ ತಮಾಕಿ ಬಡಾವಣೆಯ ಗಾಜಿನ ಅಂಗಡಿಗೆ ಒಯ್ದ. ಹೊಸ ಗಾಜು ಹಾಕಿಸಿಕೊಂಡು ಬಂದು ನೋಡಿದರೆ ಅವಳ ಹಣೆಯ ಮೇಲೆ ಕುಂಕುಮ.

ಫ್ಲ್ಯಾಟ್‌ಮೇಟ್ ಆದರ್ಶನ ತಾಯಿ ಜಯಮ್ಮ ಮೈಸೂರಿನಿಂದ ಬಂದು ಹದಿನೈದು ದಿನವಾಗಿತ್ತು. ಪೂಜೆ ಮುಗಿಸಿ ದೇವರ ಗಂಟೆ ಒರೆಸುತ್ತಿದ್ದರು.

"ಆಂಟಿ, ಇದೇನು ಮಾಡ್ಬಿಟ್ರಿ?"

"ಇನ್ನೇನೋ ಮತ್ತೆ? ಶುಕ್ರವಾರದ ದಿನ ಹೆಣ್ಮಗಳನ್ನ ದೇವರ ಪಕ್ಕ ಬರೀ ಹಣೇಲಿ ಕೂರಿಸ್ತಾರಾ? ಲಕ್ಷಣವಾಗಿದಾಳೆ ಅಂತ ಒಂದು ಬೊಟ್ಟಿಟ್ಟೆ."

ಫಾರ್ಮಸಿಸ್ಟ್ ಆಗಿದ್ದ ಆದರ್ಶ್ ಎದ್ದು ಬಂದು, "ಒದ್ದೆ ಹತ್ತೀಲಿ ಮೆಲ್ಲಗೆ ಒತ್ತು, ಸಿಂಪಲ್" ಎಂದ. ಒತ್ತಿದ್ದೇ ತಡ, ಕುಂಕುಮ ಕಾಗದದೊಳಗೆ ಗೃಹಪ್ರವೇಶ ಮಾಡಿತು. ಪಕ್ಕದ ಮನೆಯ ಹರ್ಷಿಣಿ ಬೇಲಿ ಮೇಲಿಂದ ಹೇರ್ ಡ್ರೈಯರ್ ದಾಟಿಸಿದಳು. ಆ ಬಿಸಿಗೆ ಬಣ್ಣ ಇನ್ನಷ್ಟು ಕಚ್ಚಿಕೊಂಡಿತು.

"ಚಪಾತಿ ಹಿಟ್ಟಲ್ಲಿ ಒತ್ತಿದ್ರೆ ಎಲ್ಲಾ ಎತ್ಕೊಳತ್ತೆ, ತಾಳು" ಎಂದು ಜಯಮ್ಮ ಉಂಡೆ ತಂದರು. ಸುತ್ತ ಉದುರಿದ್ದ ಪುಡಿಯನ್ನು ಹಿಟ್ಟು ನಿಜಕ್ಕೂ ಎತ್ತಿತು. ನಡುವಿನ ಬೊಟ್ಟು ಮಾತ್ರ ಅಂಚು ತಿದ್ದಿದ ಹಾಗೆ ದುಂಡಗೆ ಉಳಿಯಿತು.

"ಈಗ ನೋಡು, ಮುಖಕ್ಕೆ ಕಳೆ ಬಂತು" ಎಂದರು ಜಯಮ್ಮ.

ಸಂಜೆ ಶಿವಪ್ರಸಾದ್ ಬೆರಿಲ್ ಅಜ್ಜಿಯ ಮಂಚದ ಪಕ್ಕ ಪಟ ಹಿಡಿದು ನಿಂತು, ಆಂಟಿಯಿಂದ ಹಿಡಿದು ಹಿಟ್ಟಿನವರೆಗೆ ಎಲ್ಲವನ್ನೂ ಇದ್ದ ಹಾಗೆ ಹೇಳಿದ.

ಅಜ್ಜಿ ಕನ್ನಡಕ ಹಾಕಿಕೊಂಡು ಪಟವನ್ನು ಹತ್ತಿರಕ್ಕೆ ಎಳೆದುಕೊಂಡರು.

"ಅರವತ್ತು ವರ್ಷ ಇವಳು ನನ್ನ ತಲೆ ಮೇಲಿಂದ ಎಲ್ಲೋ ನೋಡ್ತಿದ್ಲು" ಎಂದರು ಕೊನೆಗೆ. "ಇವತ್ತು ನನ್ನನ್ನೇ ನೋಡ್ತಿದಾಳೆ."

ಶಿವಪ್ರಸಾದ್ ಬಗ್ಗಿ ನೋಡಿದ. ಹೌದು, ಬೊಟ್ಟು ಬಂದ ಮೇಲೆ ಆ ನೋಟ ನೇರ ಎದುರಿದ್ದವರ ಮೇಲೇ ಇಳಿದಂತಿತ್ತು. ಹೋದ ಜೀವ ಬಂದಂತಾಯಿತು.

"ಒಂದೇ ಬೇಜಾರು, ಶಿವ. ನೀನು ದಿನಾ ಇವಳ ಮುಂದೆ ಮೈಮರೆತು ನಿಲ್ತಿದ್ಯಲ್ಲ, ಅದಕ್ಕೆ ಗಾಜು ಸರಿಯಾದ ಮೇಲೆ ನಿನಗೇ ಕೊಟ್ಬಿಡೋಣ ಅಂತಿದ್ದೆ." ದಿಂಬಿನಡಿಯಿಂದ ಅವನ ಹೆಸರು ಬರೆದಿಟ್ಟಿದ್ದ ಕಾರ್ಡು ತೆಗೆದು ತೋರಿಸಿ, ಮತ್ತೆ ಒಳಗೆ ಸೇರಿಸಿದರು. "ನನ್ನನ್ನೇ ನೋಡ್ತಿರೋಳನ್ನ ಈಗ ಹೇಗೆ ಕೊಡ್ಲಿ ಹೇಳು? ಬೇಜಾರಿಲ್ಲ ತಾನೆ?"

"ಇಲ್ಲ ಬೆರಿಲ್" ಎಂದ ಶಿವಪ್ರಸಾದ್. ಅಜ್ಜಿ ತೋರಿಸಿದ ಕಡೆ, ಮಂಚಕ್ಕೆ ಎದುರಾಗಿ, ತಾನೇ ಮೊಳೆ ಹೊಡೆದು ಅವಳನ್ನು ತೂಗುಹಾಕಿದ.

"ಮನೆಗೆ ಹೋದ ತಕ್ಷಣ ಆ ಆಂಟಿಗೆ ನನ್ನ ಥ್ಯಾಂಕ್ಸ್ ಹೇಳು" ಎಂದರು ಅಜ್ಜಿ.