ಕೋರಿಕೆ ತಲುಪಿದೆ, ಧನ್ಯವಾದ

ಕಚೇರಿಯ ರಜೆ ಆ್ಯಪಿನಲ್ಲಿ ಒಂದು ಅರ್ಜಿ ತಿದ್ದಲು ಹೋದ ಮ್ಯಾನೇಜರರಿಗೆ ಬೆಳಿಗ್ಗೆ ಬೆಳಿಗ್ಗೆಯೇ ಕೆಂಪಕ್ಷರ ಕಂಡು ಕಾಫಿ ರುಚಿಸಲಿಲ್ಲ. '405: ಅನುಮತಿ ಇಲ್ಲ' ಎಂದಿತ್ತು. ಪ್ರೋಗ್ರಾಮರನನ್ನು ಕರೆಸಿದರು.

"ಏನ್ರೀ, ನನಗೇ ಅನುಮತಿ ಇಲ್ವಾ?"

"ಸರ್, ಅರ್ಜಿ ನೋಡ್ಬಹುದು, ಹೊಸದಾಗಿ ಹಾಕ್ಬಹುದು. ತಿದ್ದೋದು, ಅಳಿಸೋದು ಬೇಡ ಅಂತ ನೀವೇ ಹೇಳಿದ್ರಿ. ಅಂಥ ಕೋರಿಕೆ ಬಂದ್ರೆ ನಮ್ಮ ಎಪಿಐ, ಅಂದ್ರೆ ಕೋರಿಕೆ ತಗೊಳ್ಳೋ ಪ್ರೋಗ್ರಾಮು, ಬಾಗಿಲಲ್ಲೇ ವಾಪಸ್ ಕಳ್ಸುತ್ತೆ."

"ಮತ್ತೆ ತಿದ್ದೋ, ಅಳಿಸೋ ಗುಂಡಿಗಳು ಯಾಕಿವೆ?"

"ಚೆನ್ನಾಗಿ ಕಾಣ್ತವೆ, ಇರಲಿ ಅಂದಿದ್ದೂ ನೀವೇ."

"ಸರಿ ಬಿಡಿ. ವಾಪಸ್ ಕಳ್ಸೋಕೂ ಒಂದು ಮರ್ಯಾದೆ ಇರುತ್ತೆ. ಏನೇ ತಪ್ಪಾದ್ರೂ 'ಕೋರಿಕೆ ತಲುಪಿದೆ, ಧನ್ಯವಾದ' ಅಂತ ಹಸಿರಲ್ಲಿ ಬರಲಿ."

ಎದುರಾಡುವ ಎದೆ ಪಾಪ ಅವನಿಗೆಲ್ಲಿತ್ತು. ಎಲ್ಲ ಎಕ್ಸೆಪ್ಷನ್ನುಗಳನ್ನೂ, ಅಂದರೆ ತಪ್ಪಿನ ಸೂಚನೆಗಳನ್ನೂ, ಒಂದೇ ಮೂಟೆಗೆ ತುರುಕಿ ಬಾಯಿ ಕಟ್ಟಿದ. ಆಮೇಲೆ ನಾಳೆಗೆ ತನ್ನ ರಜೆ ಹಾಕಿದ. ಮೂರು ಸಲ ಮುಂದೂಡಿದ ಸಮುದ್ರದ ಪ್ರವಾಸ. ಮಗಳು ಆಗಲೇ ಬ್ಯಾಗು ತುಂಬಿಟ್ಟಿದ್ದಳು. ಈ ಸಲವೂ ತಪ್ಪಿದರೆ ಮನೆಯಲ್ಲಿ ಮುಖ ತೋರಿಸುವಂತಿರಲಿಲ್ಲ. ಕಾರಣ ಹಳೆಯದೇ ಆದ್ದರಿಂದ ಅರ್ಧ ನಿಮಿಷದಲ್ಲಿ ಕೆಲಸ ಮುಗಿಯಿತು. ಹಸಿರು ಧನ್ಯವಾದವೂ ಬಂತು.

ಮಧ್ಯಾಹ್ನ ಸ್ಟೋರ್ ಕೀಪರ್ ಏದುಸಿರು ಬಿಡುತ್ತ ಬಂದರು. "ಇವತ್ತಿನ ರಜೆ ಅಳಿಸ್ದೆ, ಧನ್ಯವಾದ ಅಂತು. ಊಟಕ್ಕೆ ಹೋಗಿ ಬಂದ್ರೆ, 'ನೀವು ರಜೆಯಲ್ಲಿದ್ದೀರಿ' ಅಂತ ವಾಚ್‌ಮನ್ ಒಳಗೇ ಬಿಡ್ಲಿಲ್ಲ. ಹಿಂದಿನ ಬಾಗಿಲಿಂದ ಬಂದೆ ಮಾರಾಯ."

ಅವರ ಹಿಂದೆಯೇ ಟೈಪಿಸ್ಟಮ್ಮ. "ನನ್ನ ಅರ್ಜಿ ಪಟ್ಟೀಲೇ ಇಲ್ಲ. ನಾನು ದಿನಾಂಕನೇ ಬರೀದೆ ಕಳ್ಸಿದ್ನಂತೆ. ಎರಡು ಸಲ ಧನ್ಯವಾದ ಹೇಳ್ತಲ್ಲಪ್ಪ, ಒಂದ್ಸಲ ಅದನ್ನ ಹೇಳ್ಬಾರ್ದಿತ್ತಾ?"

ಗದ್ದಲ ಕೇಳಿ ಮ್ಯಾನೇಜರರೂ ಬಂದರು. "ಯಾರ್ರೀ ಇದನ್ನ ಹೀಗೆ ಮಾಡಿದ್ದು?"

ಪ್ರೋಗ್ರಾಮರ್ ಎದ್ದು ನಿಂತ. "ನಾನೇ ಸರ್."

ಕೂತು ಮೂಟೆ ಬಿಚ್ಚಿದ. ಒಂದೊಂದು ತಪ್ಪಿಗೂ ಅದರದೇ ಮಾತು ಬರೆದ. ಮುಗಿಯುವಾಗ ಐದೂವರೆ. ಸಮಾಧಾನದಿಂದ ತನ್ನ ರಜೆಯನ್ನು ಹುಡುಕಿದರೆ ಪಟ್ಟಿಯಲ್ಲಿ ಅದರ ಸುಳಿವೇ ಇಲ್ಲ. ಎಲ್ಲ ಕೋರಿಕೆಗಳೂ ದಾಖಲಾಗುವ ಲಾಗ್ ತೆಗೆದ. 'ತಿದ್ದುವ ಕೋರಿಕೆ. ಅನುಮತಿ ಇಲ್ಲ.' ಬೆಳಿಗ್ಗೆ ಅವನು ಕಳೆದ ತಿಂಗಳ ಅರ್ಜಿಯನ್ನೇ ತೆರೆದು ದಿನಾಂಕ ಮಾತ್ರ ಬದಲಿಸಿದ್ದ.

ಗಡಿಬಿಡಿಯಲ್ಲಿ ಹೊಸ ಅರ್ಜಿ ಹಾಕಿದ. 'ನಾಳೆಯ ರಜೆಗೆ ಇಂದು ಐದರೊಳಗೆ ಅರ್ಜಿ ಹಾಕಬೇಕಿತ್ತು' ಎಂದು ಕೆಂಪಕ್ಷರ ಮೂಡಿತು.

ಹಿಂದೆ ನಿಂತಿದ್ದ ಮ್ಯಾನೇಜರರು ಮೆಚ್ಚಿ ತಲೆಯಾಡಿಸಿದರು. "ಈಗ ನೋಡಿ, ಎಷ್ಟು ನೇರವಾಗಿ ಹೇಳುತ್ತೆ."

"ಸರ್, ಇದೊಂದ್ಸಲ ನೀವು ಮನಸ್ಸು ಮಾಡಿದ್ರೆ..."

"ಅನುಮತಿ ಇಲ್ಲ ಅಂತ ಬೆಳಿಗ್ಗೆ ನನಗೇ ಹೇಳ್ತಲ್ಲಪ್ಪ ಅದು."

ಅಷ್ಟರಲ್ಲಿ ಹೆಂಡತಿಯ ಫೋನು ಬಂತು. "ರೀ, ಮಗಳು ಕೇಳ್ತಿದ್ದಾಳೆ. ರಜೆ ಸಿಕ್ತಲ್ವಾ?"

ಅವನು ಕೆಂಪಕ್ಷರವನ್ನೊಮ್ಮೆ ನೋಡಿದ. ನಿಜ ಹೇಳುವ ಧೈರ್ಯ ಬರಲಿಲ್ಲ.

"ಕೋರಿಕೆ ತಲುಪಿದೆ," ಎಂದ ಮೆಲ್ಲಗೆ, "ಧನ್ಯವಾದ."