ಏಳು ದಿನದೊಳಗೆ ವಂದನಾರ್ಪಣೆ

ವೆದರ್ಬಿ ರಸ್ತೆಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿ ಹಾಗೂ ಸಂಗೀತ ಶಿಕ್ಷಕರ ಹುದ್ದೆಗಳು ಮುಂದಿನ ವರ್ಷವೂ ಸುಭದ್ರವಾಗಿವೆಯೆಂದು ಈ ಮೂಲಕ ಸಮಸ್ತರ ಗಮನಕ್ಕೆ ತರಲಾಗಿದೆ. ಆ ಶಾಲೆಯಲ್ಲಿ ಚಿತ್ರಕಲೆಯನ್ನಾಗಲಿ ಸಂಗೀತವನ್ನಾಗಲಿ ಕಲಿಸಲಾಗುತ್ತಿದೆಯೇ ಎಂಬುದು ಬೇರೆ ಪ್ರಶ್ನೆ. ಅದನ್ನು ಇದರ ಜೊತೆ ಸೇರಿಸಿ ಗೊಂದಲ ಮಾಡಿಕೊಳ್ಳಬಾರದಾಗಿ ವಿನಂತಿ.

ನಾನು ಗ್ಲೆನ್ ಆರ್ಬಕಲ್, ಶಾಲೆಯ ಗೆಳೆಯರ ಪ್ರತಿಷ್ಠಾನದ ಕಾರ್ಯದರ್ಶಿ. ಆಯ್ಕೆಯ ಸಭೆಗೆ ನಾನು ಹೋಗಿರಲಿಲ್ಲವಾದ್ದರಿಂದ ಅವಿರೋಧವಾಗಿ ಆಯ್ಕೆಯಾದೆ. ಸಭೆಯ ನಡವಳಿ ಬರೆಯುವುದು ನನ್ನ ಕೆಲಸ. ನನ್ನ ಮಗಳು ಟೆಸ್ ನಾಲ್ಕನೇ ಕ್ಲಾಸಿನಲ್ಲಿ ಪಿಟೀಲು ಹಿಡಿಯುತ್ತಾಳೆ. ‘ನುಡಿಸುತ್ತಾಳೆ’ ಎಂದು ಬರೆದು ಹೊಡೆದುಹಾಕಿದ್ದೇನೆ, ಏಕೆಂದರೆ ನಡವಳಿಯಲ್ಲಿ ಸುಳ್ಳು ಬರೆಯುವ ಹಾಗಿಲ್ಲ.

ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಎಲ್ಲ ಸರ್ಕಾರಿ ಶಾಲೆಗಳ ಕಥೆ ಏನೋ ನನಗೆ ಗೊತ್ತಿಲ್ಲ. ನಮ್ಮ ಶಾಲೆಯಲ್ಲಿ ಮಾತ್ರ ಓದು, ಬರಹ, ಲೆಕ್ಕ ಕಲಿಸುವವರನ್ನು ಸರ್ಕಾರ ನೋಡಿಕೊಳ್ಳುತ್ತದೆ. ಬಣ್ಣ, ಹಾಡು ಬೇಕಾದವರು ತಾವೇ ನೋಡಿಕೊಳ್ಳಬೇಕು. ಹಾಗಾಗಿ ಪ್ರತಿ ಮಾರ್ಚ್‌ನಲ್ಲಿ ಚಿತ್ರಕಲೆಯ ಮಿಸ್ ಒರ್ಟೇಗ ಮತ್ತು ಸಂಗೀತದ ಮಿಸ್ಟರ್ ಫ್ರಾಂಕ್ ಕೊವಾಕ್ ಇಬ್ಬರಿಗೂ ‘ಮುಂದಿನ ವರ್ಷ ನಿಮ್ಮ ಕೆಲಸ ಇರಲಿಕ್ಕಿಲ್ಲ’ ಎಂಬ ಪತ್ರ ಹೋಗುತ್ತದೆ. ನಾವು ಪೋಷಕರು ಕೇಕು ಮಾರಿ, ಕಾರು ತೊಳೆದು, ಮಕ್ಕಳನ್ನು ಮೈದಾನದ ಸುತ್ತ ಓಡಿಸಿ, ಸುತ್ತಿಗಿಷ್ಟು ಎಂದು ಅಜ್ಜ ಅಜ್ಜಿಯರಿಂದ ವಸೂಲು ಮಾಡಿ, ಮೇ ತಿಂಗಳಲ್ಲಿ ಆ ಪತ್ರವನ್ನು ವಾಪಸ್ ತೆಗೆಸುತ್ತೇವೆ. ಎರಡು ತಿಂಗಳು ಆ ಇಬ್ಬರ ಜೀವ ಬಾಯಿಗೆ ಬಂದಿರುತ್ತದೆ. ಅದನ್ನು ನಾವು ‘ವಸಂತೋತ್ಸವ’ ಎನ್ನುತ್ತೇವೆ.

ಇಷ್ಟರವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಮೂರು ವರ್ಷದ ಹಿಂದೆ ಬೆವರ್ಲಿ ಸ್ಟ್ರೌಡ್ ನಮ್ಮ ಅಧ್ಯಕ್ಷೆಯಾದರು. ಅವರು ಮದುವೆಯ ಉಡುಗೊರೆಗಳಿಗೆ ಧನ್ಯವಾದ ಪತ್ರಗಳನ್ನು ಮದುವೆಗೆ ಮೊದಲೇ ಬರೆದಿಟ್ಟಿದ್ದ ಹೆಂಗಸು.

"ಕೊಟ್ಟೋರಿಗೆ ಒಂದು ಥ್ಯಾಂಕ್ಯೂ ಹೇಳದ ಮಕ್ಕಳನ್ನ ಬೆಳೆಸ್ತಾ ಇದೀವಲ್ಲ, ನಾಚಿಕೆ ಆಗಲ್ವೇನ್ರೀ?" ಎಂದು ಅವರು ಮೊದಲ ಸಭೆಯಲ್ಲಿ ಕೇಳಿದರು. ನಮಗೆಲ್ಲ ನಾಚಿಕೆಯಾಯಿತು. ನಿಯಮ ನಾಲ್ಕು ಅಂಗೀಕಾರವಾಯಿತು:

‘ಪ್ರತಿಷ್ಠಾನಕ್ಕೆ ಯಾವುದೇ ರೂಪದಲ್ಲಿ ದೇಣಿಗೆ ನೀಡಿದ ಪ್ರತಿಯೊಬ್ಬರಿಗೂ ಏಳು ದಿನದೊಳಗೆ (ಅ) ಮಗುವೊಂದು ಸ್ವಹಸ್ತದಿಂದ ಬರೆದ ಧನ್ಯವಾದ ಚಿತ್ರಪತ್ರ, (ಆ) ಮಕ್ಕಳ ವಾದ್ಯವೃಂದದಿಂದ ಖುದ್ದು ವಂದನಾಸಂಗೀತ ಸಲ್ಲತಕ್ಕದ್ದು.’

ಚಿತ್ರ ಬರೆಸುವವರು ಯಾರು? ಮಿಸ್ ಒರ್ಟೇಗ. ವಾದ್ಯವೃಂದ ನಡೆಸುವವರು ಯಾರು? ಮಿಸ್ಟರ್ ಕೊವಾಕ್. ಅವರನ್ನು ಉಳಿಸುವುದಕ್ಕೇ ದೇಣಿಗೆ ಎತ್ತುತ್ತಿರುವಾಗ ಅವರು ಇಷ್ಟನ್ನೂ ಮಾಡದಿದ್ದರೆ ಹೇಗೆ?

ಕೊವಾಕ್ ಉದ್ದ ಕೈಕಾಲಿನ, ಸ್ವೆಟರಿಗೆ ಮೊಣಕೈಯಲ್ಲಿ ತೇಪೆ ಹಾಕಿಕೊಂಡ ಮನುಷ್ಯ. ಊಟದ ಬಿಡುವಿನಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತ ಹನ್ನೊಂದು ಸ್ವರದ ಒಂದು ಮಟ್ಟು ಕಟ್ಟಿಕೊಟ್ಟರು. ಎರಡು ಸಲ ನುಡಿಸಿ ಬಿಟ್ಟುಬಿಡಬಹುದು ಎಂದುಕೊಂಡಿದ್ದರಂತೆ. ಅವರ ಆಸೆಯೇ ಬೇರೆ ಇತ್ತು. ಒಂದು ನೀಲಿ ಕಡತದಲ್ಲಿ ಅವರೇ ಮಕ್ಕಳಿಗಾಗಿ ಬರೆದ ಒಂದು ವಾಲ್ಟ್ಸ್ ಇತ್ತು, ಮೂರು ಎಣಿಕೆಯ ಕುಣಿತದ ಸಂಗೀತ, ನಾಲ್ಕು ಪುಟ. ಐದನೇ ಕ್ಲಾಸು ಮುಗಿಸಿ ಹೊರಡುವ ಮುನ್ನ ಪ್ರತಿ ಮಗುವೂ ಒಂದೇ ಒಂದು ಸಂಗೀತವನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿರಬೇಕು ಎಂಬುದು ಅವರ ಹಟ. ಅಷ್ಟಕ್ಕಿಂತ ಹೆಚ್ಚಿನದೇನನ್ನೂ ಆ ಮನುಷ್ಯ ಕೇಳಿದವರಲ್ಲ.

ಮೊದಲ ಚಿತ್ರಪತ್ರಗಳು ಹೋದವು. ಊರಿನವರ ಕಣ್ಣಲ್ಲಿ ನೀರು ಬಂತು. ನಮ್ಮ ಊರಿನವರು ಮರ್ಯಾದಸ್ಥರು. ಚಿತ್ರಪತ್ರಕ್ಕೆ ಧನ್ಯವಾದ ಹೇಳಿ ವಾಪಸ್ ಪತ್ರ ಬರೆದರು. ಬರಿಗೈಯಲ್ಲಿ ಬರೆಯಬಾರದೆಂದು ಕೆಲವರು ಒಂದು ಡಬ್ಬ ಬಿಸ್ಕತ್ತು, ಒಂದು ಕಟ್ಟು ಕಾಗದ ಇಟ್ಟು ಕಳಿಸಿದರು. ಅದೂ ದೇಣಿಗೆಯೇ. ಅದಕ್ಕೂ ಏಳು ದಿನ. ದಂತವೈದ್ಯ ಡಾಕ್ಟರ್ ಫಿಲ್ಬಿ ಮೊದಲು ಕೊಟ್ಟಿದ್ದು ಒಂದು ಪೆಟ್ಟಿಗೆ ಹಲ್ಲುಜ್ಜುವ ಬ್ರಷ್ಷು. ಅವರಿಗೂ ಶಾಲೆಗೂ ನಡುವೆ ಇದುವರೆಗೆ ಮೂವತ್ತೆಂಟು ಸುತ್ತು ಧನ್ಯವಾದ ಆಗಿದೆ. ಎರಡೂ ಕಡೆಯವರು ಸೋತಿಲ್ಲ. ಪ್ರತಿ ಗುರುವಾರ ವಾದ್ಯವೃಂದ ಅವರ ಕ್ಲಿನಿಕ್ಕಿಗೆ ಹೋಗಿ, ಬಾಯಿ ತೆರೆದು ಕುಳಿತ ರೋಗಿಯ ಸುತ್ತ ನಿಂತು ಹನ್ನೊಂದು ಸ್ವರ ನುಡಿಸಿ ಬರುತ್ತದೆ. ರೋಗಿಗಳಿಂದ ಈವರೆಗೆ ಒಂದೂ ದೂರು ಬಂದಿಲ್ಲ.

ಇತ್ತ ಚಿತ್ರದ ಕೋಣೆಯಲ್ಲಿ ಕೆಂಪು ಬಣ್ಣ ತಿಂಗಳಿಗೆ ಎರಡು ಸಲ ಮುಗಿಯತೊಡಗಿತು. ಒಂದು ದಿನ ಮಿಸ್ ಒರ್ಟೇಗ ನನ್ನ ಕೈಗೆ ಒಂದು ಹಾಳೆ ಕೊಟ್ಟರು.

"ಒಬ್ಬ ಹುಡುಗನಿಗೆ ಕುದುರೆ ಬರಿ ಅಂದೆ ಗ್ಲೆನ್. ಬಿಡುವಿತ್ತು, ಇಪ್ಪತ್ತು ನಿಮಿಷ. ನೋಡಿ ಏನ್ ಬರ್ದಿದಾನೆ."

ಹಾಳೆಯಲ್ಲಿ ಒಂದು ಕೆಂಪು ಹೃದಯ ಇತ್ತು. ಅದಕ್ಕೆ ನಾಲ್ಕು ಕಾಲು.

"ಚೆನ್ನಾಗಿದೆಯಲ್ಲ" ಎಂದೆ.

"ಚೆನ್ನಾಗಿದೆ. ಕೆಳಗೆ ಥ್ಯಾಂಕ್ಯೂ ಅಂತ್ಲೂ ಬರ್ದಿದಾನೆ. ಕುದುರೆಗೆ!" ಎಂದು ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ ಸಿಂಕಿನಲ್ಲಿ ಕುಂಚ ತೊಳೆಯತೊಡಗಿದರು, ಬಹಳ ಹೊತ್ತು ತೊಳೆದರು.

ಜನವರಿಯಲ್ಲಿ ಶಿಕ್ಷಣ ಕಚೇರಿಯಿಂದ ತಪಾಸಣೆಯ ಅಧಿಕಾರಿ ಬಂದು ಒಂದು ಷರಾ ಬರೆದು ಹೋದರು: ‘ಸದರಿ ಶಾಲೆಯಲ್ಲಿ ಚಿತ್ರಕಲಾ ಹಾಗೂ ಸಂಗೀತ ಬೋಧನೆ ಕಂಡುಬರಲಿಲ್ಲ.’ ನಾವು ತುರ್ತು ಸಭೆ ಸೇರಿದೆವು. ಕಲೆಯ ಪರಿಸ್ಥಿತಿ ಇಷ್ಟು ಶೋಚನೀಯವಾಗಿರುವಾಗ ಇನ್ನೂ ದೊಡ್ಡ ದೇಣಿಗೆ ಅಭಿಯಾನವೇ ಬೇಕೆಂದು ಸರ್ವಾನುಮತದಿಂದ ತೀರ್ಮಾನಿಸಿದೆವು. ಅಭಿಯಾನ ಭರ್ಜರಿಯಾಗಿ ನಡೆಯಿತು. ಹೊಸಬರಿಗೆ ಮಾತ್ರ ಏಳು ದಿನ ಉಳಿದು, ಮರುವಂದನೆಗಳ ಪಟ್ಟಿ ಸೆಪ್ಟೆಂಬರ್‌ವರೆಗೆ ಹೋಯಿತು.

ಆ ತುರ್ತು ಸಭೆಯಲ್ಲೇ ಕೊವಾಕ್ ಎದ್ದು ನಿಂತಿದ್ದರು.

"ವಾರಕ್ಕೆ ಅರ್ಧ ಗಂಟೆ ಕೊಡಿ ಸಾಕು. ಮೂರು ವರ್ಷದಿಂದ ಆ ಕಡತ ಬಿಚ್ಚಿಲ್ಲ. ಮಕ್ಕಳಿಗೆ ಒಂದು ಪುಟ ಆದ್ರೂ ಹೇಳ್ಕೊಡ್ತೀನಿ."

"ಯಾವ ದಿನ ಬೇಕು?" ಬೆವರ್ಲಿ ದಿನಚರಿ ತೆರೆದರು.

"ಗುರುವಾರ."

"ಗುರುವಾರ ಹಲ್ಲಿನ ಡಾಕ್ಟ್ರು."

"ಶುಕ್ರವಾರ?"

"ಟೈರ್ ಅಂಗಡಿ. ಆಮೇಲೆ ಆ ಜೇನು ಸಾಕೋ ಗಂಡಹೆಂಡ್ತಿ, ಅವ್ರು ಬೇರೆಬೇರೆ ಆಗಿದಾರಲ್ಲ, ಎರಡು ಮನೆಗೂ ಹೋಗ್ಬೇಕು." ಬೆವರ್ಲಿ ಕನ್ನಡಕದ ಮೇಲಿಂದ ನೋಡಿದರು. "ನೀವು ಇಲ್ಲಿರೋದೇ ಇವರಿಂದ ಅಲ್ವಾ, ಫ್ರಾಂಕ್?"

ಕೊವಾಕ್ ಕುಳಿತರು. "ಹೌದು, ಥ್ಯಾಂಕ್ಯೂ" ಎಂದರು. ಅದನ್ನೂ ನಡವಳಿಯಲ್ಲಿ ದಾಖಲಿಸಿದ್ದೇನೆ.

ಮಾರ್ಚ್‌ನಲ್ಲಿ ಎಂದಿನಂತೆ ಕೆಲಸ ಹೋಗುವ ಪತ್ರ ಬಂತು. ಅದರ ಮರುದಿನ ಹೆಸರಿಲ್ಲದ ಒಂದು ಲಕೋಟೆ ಬಂತು. ಒಳಗೆ ಬ್ಯಾಂಕಿನವರೇ ಬರೆದುಕೊಟ್ಟ ಚೆಕ್ಕು: ಇಬ್ಬರು ಶಿಕ್ಷಕರಿಗೂ ಹತ್ತು ವರ್ಷಕ್ಕೆ ಸಾಲುವಷ್ಟು. ಜೊತೆಗೆ ಒಂದು ಚೀಟಿ. ‘ಒಂದೇ ಷರತ್ತು. ಇದಕ್ಕಾಗಿ ಯಾರೂ ನನಗೆ ಧನ್ಯವಾದ ಹೇಳಕೂಡದು. ಹೇಳಿದರೆ ಚೆಕ್ಕು ರದ್ದು. ನನ್ನ ಕಿಟಕಿಗೆ ಆ ಹನ್ನೊಂದು ಸ್ವರ ಬಿಟ್ಟು ಬೇರೆ ಏನಾದರೂ ಕೇಳಬೇಕು.’

ಸಂಗೀತದ ಕೋಣೆಯ ಎದುರಿಗಿರುವುದು ಒಂದೇ ಮನೆ, ಮಿಸೆಸ್ ಯೂನಿಸ್ ಗಾರ್ವಿಯವರದು. ಆದರೆ ಗುರುತು ಹಿಡಿಯುವುದು ಅಸಭ್ಯತೆಯಾದ್ದರಿಂದ ನಾವು ಯಾರೂ ಗುರುತು ಹಿಡಿಯಲಿಲ್ಲ.

ಸಭೆಯಲ್ಲಿ ದೊಡ್ಡ ಚರ್ಚೆಯಾಯಿತು. ವಂದನೆಯಿಲ್ಲದ ದೇಣಿಗೆಯನ್ನು ಯಾವ ನಿಯಮದಡಿ ಸ್ವೀಕರಿಸುವುದು? ಕಡತ ಮುಚ್ಚುವುದು ಹೇಗೆ? ನಾವು ತಲೆ ಕೆರೆದುಕೊಳ್ಳುತ್ತಿರುವಾಗಲೇ ಬಾಗಿಲು ತೆರೆದು ಮಿಸೆಸ್ ಗಾರ್ವಿಯೇ ಬಂದರು. ಎಂಬತ್ತು ದಾಟಿದ ಮುದುಕಿ, ಕೌಂಟಿಯ ರಸ್ತೆ ಇಲಾಖೆಯಲ್ಲಿ ಮೂವತ್ತು ವರ್ಷ ರೋಡ್‌ರೋಲರ್ ಓಡಿಸಿದವರು. ಕೈಯಲ್ಲಿ ಒಂದು ತಟ್ಟೆ ಲೆಮನ್ ಬಾರ್, ನಿಂಬೆರಸ ಹಾಕಿದ ಸಿಹಿ ತಿಂಡಿ, ಇತ್ತು.

"ನೀವು ಎಷ್ಟು ಹೊತ್ತು ಎಳೀತೀರ ಅಂತ ಗೊತ್ತಿತ್ತು. ಅದಕ್ಕೇ ತಿನ್ನೋಕೆ ತಂದೆ. ಹೌದು, ಕಳಿಸಿದ್ದು ನಾನೇ. ಬಾಯಿ ಮುಚ್ಕೊಂಡು ತಗೊಳ್ಳಿ."

ನಾವು ಬಾಯಿ ಮುಚ್ಚಿಕೊಂಡೆವು. ಪ್ರತಿಷ್ಠಾನದ ಇತಿಹಾಸದಲ್ಲೇ ಅಂಥ ಮೌನ ಇರಲಿಲ್ಲ. ಬೆವರ್ಲಿಯ ಮುಖ ಬೀಟ್‌ರೂಟಿನ ಹಾಗಾಯಿತು. ಒಳಗಿನಿಂದ ಒತ್ತಿಕೊಂಡು ಬರುತ್ತಿದ್ದುದನ್ನು ತುಟಿ ಕಚ್ಚಿ ತಡೆದರು. ಮೂಲೆಯಲ್ಲಿ ಕೊವಾಕ್ ಮಡಿಸುವ ಕುರ್ಚಿಯ ಅಂಚಿಗೆ ಬಂದು ಕುಳಿತಿದ್ದರು, ನೀಲಿ ಕಡತವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಮಿಸೆಸ್ ಗಾರ್ವಿ ಒಬ್ಬೊಬ್ಬರ ಮುಂದೆಯೂ ತಟ್ಟೆ ಹಿಡಿಯುತ್ತ ಬಂದರು. ಎಲ್ಲರೂ ಸುಮ್ಮನೆ ಒಂದೊಂದು ತುಂಡು ಎತ್ತಿಕೊಂಡರು. ನನ್ನ ಮುಂದೆ ಬಂದಾಗ ನಾನೂ ಒಂದು ಎತ್ತಿಕೊಂಡೆ.

"ಥ್ಯಾಂಕ್ಯೂ" ಎಂದೆ.

ನಮ್ಮಮ್ಮ ನನ್ನನ್ನು ಹಾಗೆ ಬೆಳೆಸಿದ್ದಾಳೆ, ನಾನೇನು ಮಾಡಲಿ?

"ಅದು ತಿಂಡಿಗೆ ಹೇಳಿದ್ದು" ಎಂದು ಕೊವಾಕ್ ಕೂಗಿದರು. "ಚೆಕ್ಕಿಗಲ್ಲ! ತಿಂಡಿಗೆ!"

"ತಿಂಡಿಗೇ ಬಿಡಪ್ಪ, ನನಗೂ ಗೊತ್ತು" ಎಂದರು ಮಿಸೆಸ್ ಗಾರ್ವಿ. "ಈ ಒಂದಕ್ಕೆ ಮಾಫಿ."

ಎಲ್ಲರೂ ಉಸಿರು ಬಿಟ್ಟರು. ಬೆವರ್ಲಿ ಮಾತ್ರ ನಿಯಮಾವಳಿ ಬಿಚ್ಚಿದರು.

"ತಿಂಡಿ ಅಂದ್ರೆ ‘ಯಾವುದೇ ರೂಪದಲ್ಲಿ ದೇಣಿಗೆ’. ಹಾಗಾದ್ರೆ ಏಳು ದಿನದೊಳಗೆ ಚಿತ್ರಪತ್ರ, ಸಂಗೀತ ಸಲ್ಲಬೇಕು. ಚೆಕ್ಕಿಗೆ ಸಲ್ಲಿಸಲ್ಲ ಮಿಸೆಸ್ ಗಾರ್ವಿ, ಪ್ರಮಾಣ ಮಾಡ್ತೀನಿ. ಲೆಮನ್ ಬಾರ್‌ಗೆ ಅಷ್ಟೆ."

"ಆ ಹನ್ನೊಂದು ಸ್ವರ ನನ್ನ ಜಗುಲಿಗೆ ಬಂದ್ರೆ ಚೆಕ್ಕು ರದ್ದು. ಲೆಮನ್ ಬಾರ್‌ಗಾದ್ರೂ ಸರಿ, ಏನಕ್ಕಾದ್ರೂ ಸರಿ." ಮುದುಕಿ ಖಾಲಿ ತಟ್ಟೆ ಎತ್ತಿಕೊಂಡು ಹೊರಟೇಬಿಟ್ಟರು.

ಮತಕ್ಕೆ ಹಾಕಲಾಯಿತು. ಹತ್ತು ವರ್ಷದ ಸಂಗೀತಕ್ಕಾಗಿ ಒಂದು ತಟ್ಟೆ ತಿಂಡಿಗೆ ಧನ್ಯವಾದ ಹೇಳದೆ ಇರುವುದನ್ನು ಮಕ್ಕಳಿಗೆ ಕಲಿಸಬಹುದೇ? ಐದು ಮತ ಕಲಿಸಬಾರದೆಂದು, ಒಂದು ಮತ ಕಲಿಸಬಹುದೆಂದು. ಆ ಒಂದು ಮತ ನನ್ನದಲ್ಲ. ನಡವಳಿ ಬರೆಯುವವನು ಬಹುಮತದ ಜೊತೆ ಇದ್ದರೆ ಬರವಣಿಗೆ ಸುಲಭ. ಆದರೆ ಆ ಸಂಜೆ ಕೊವಾಕ್ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ.

ಮರುದಿನ ಕೊವಾಕ್ ನನ್ನನ್ನು ಕಾರ್ ನಿಲ್ಲಿಸುವಲ್ಲಿ ಹಿಡಿದರು.

"ಗ್ಲೆನ್, ನಿಯಮದಲ್ಲಿ ‘ವಂದನಾಸಂಗೀತ’ ಅಂತಿದೆ. ಯಾವ ಸಂಗೀತ ಅಂತ ಇದೆಯಾ?"

ನಾನು ನೋಡಿದೆ. ಇರಲಿಲ್ಲ.

"ಹಾಗಾದ್ರೆ ವಾಲ್ಟ್ಸ್ ನುಡಿಸ್ತೀವಿ. ಅಧ್ಯಕ್ಷರ ನಿಯಮಾನೂ ಉಳೀತು, ಅಜ್ಜಿ ಷರತ್ತೂ ಉಳೀತು." ಮೂರು ವರ್ಷದಲ್ಲಿ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಟೈರ್ ಅಂಗಡಿಗೂ ಜೇನಿನ ಮನೆಗಳಿಗೂ ನಡುವೆ, ಶಾಲೆಯ ಬಸ್ಸಿನಲ್ಲಿ ನಿಂತುಕೊಂಡೇ ಮಕ್ಕಳಿಗೆ ಮೊದಲ ಮೂರು ಸಾಲು ಹೇಳಿಕೊಟ್ಟರು.

ಏಳನೆಯ ದಿನ ಇಪ್ಪತ್ತೆರಡು ಮಕ್ಕಳು ಮಿಸೆಸ್ ಗಾರ್ವಿಯ ಜಗುಲಿಯ ಮುಂದೆ ನಿಂತರು. ಕಿಟಕಿ ಮುಚ್ಚಿತ್ತು. ಕೊವಾಕ್ ಕೈ ಎತ್ತಿದರು. ಒಂದು ಎರಡು ಮೂರು, ಒಂದು ಎರಡು ಮೂರು. ಸ್ವಲ್ಪ ಅಪಸ್ವರವಾಗಿ, ಸ್ವಲ್ಪ ಹೆದರಿಕೊಂಡು ವಾಲ್ಟ್ಸ್ ಶುರುವಾಯಿತು. ನನ್ನ ಟೆಸ್ ನಾಲಿಗೆ ಕಚ್ಚಿಕೊಂಡು ಪಿಟೀಲು ನುಡಿಸುತ್ತಿದ್ದಳು. ನುಡಿಸುತ್ತಿದ್ದಳು ಎಂದೇ ಬರೆದಿದ್ದೇನೆ. ಎರಡನೆಯ ಸಾಲಿಗೆ ಕಿಟಕಿ ತೆರೆಯಿತು. ಮುದುಕಿ ಮೊಣಕೈಯೂರಿ ಹೊರಗೆ ಬಾಗಿದರು.

ಮೂರನೆಯ ಸಾಲಿನಲ್ಲಿ ಬೆವರ್ಲಿ, ಕ್ರಮದ ಪ್ರಕಾರ, ಮುಂದೆ ಹೋಗಿ ಚಿತ್ರಪತ್ರವನ್ನು ಕಿಟಕಿಯ ಕಡೆ ಚಾಚಿದರು. ನಾಲ್ಕು ಕಾಲಿನ ಹೃದಯ.

ಚಿತ್ರಪತ್ರ ಕೊಡುವಾಗ ಏನು ನುಡಿಸಬೇಕೆಂದು ಆ ಇಪ್ಪತ್ತೆರಡು ಜೊತೆ ಕೈಗಳಿಗೆ ಮೂರು ವರ್ಷದಿಂದ ಗೊತ್ತು. ಕೊವಾಕ್ ಎರಡೂ ಕೈ ಆಡಿಸಿ ಬೇಡ ಬೇಡ ಎಂದರು. ಹನ್ನೊಂದು ಸ್ವರ ಬಂತು, ಒಂದೂ ಅಪಸ್ವರವಿಲ್ಲದೆ. ಅಷ್ಟು ಚೆನ್ನಾಗಿ ಮಕ್ಕಳು ಹಿಂದೆಂದೂ ನುಡಿಸಿರಲಿಲ್ಲ.

ಕಿಟಕಿ ಮುಚ್ಚಿತು. ಮಧ್ಯಾಹ್ನದೊಳಗೆ ಚೆಕ್ಕು ರದ್ದಾಯಿತು.

ಮುಂದಿನ ಸಭೆಯಲ್ಲಿ, ಇಷ್ಟು ದಿನ ನಮ್ಮ ಬಗ್ಗೆ ಯೋಚಿಸಿದ್ದಕ್ಕಾಗಿ ಮಿಸೆಸ್ ಗಾರ್ವಿಗೆ ಧನ್ಯವಾದ ಸಲ್ಲಿಸುವ ಠರಾವು ಅಂಗೀಕಾರವಾಯಿತು. ಮೇ ತಿಂಗಳಲ್ಲಿ ಕೇಕು ಮಾರಿ, ಕಾರು ತೊಳೆದು, ಇಬ್ಬರು ಶಿಕ್ಷಕರನ್ನೂ ಉಳಿಸಿಕೊಂಡೆವು. ಮಿಸೆಸ್ ಗಾರ್ವಿ ಕಿಟಕಿಗೆ ಎರಡು ಪದರದ ಗಾಜು ಹಾಕಿಸಿದರು. ಕೊವಾಕ್ ಹುದ್ದೆಯ ಹೆಸರನ್ನು ‘ವಂದನಾ ಸಂಯೋಜಕ’ ಎಂದು ಬದಲಿಸಿ, ಒಪ್ಪಿಗೆಯ ಸಹಿ ಕೇಳಿದೆವು. ಅವರು ಸಹಿ ಹಾಕಿದರು. ನೀಲಿ ಕಡತವನ್ನು ಮಿಸ್ ಒರ್ಟೇಗಗೆ ಕೊಟ್ಟರು. ಸ್ವರ ಬರೆದ ಹಾಳೆಗಳ ಹಿಂದಿನ ಮಗ್ಗುಲು ಖಾಲಿಯಿತ್ತು, ಚಿತ್ರಪತ್ರಕ್ಕೆ ಸರಿಹೋಯಿತು.

ಮೊನ್ನೆ ಊಟಕ್ಕೆ ಕುಳಿತಾಗ ಟೆಸ್ ಏನೋ ಗುನುಗುತ್ತಿದ್ದಳು. ಒಂದು ಎರಡು ಮೂರು, ಒಂದು ಎರಡು ಮೂರು. ಮೂರನೆಯ ಸಾಲಿಗೆ ನಿಲ್ಲಿಸಿದಳು.

"ಮುಂದೆ ಹೇಗಮ್ಮ?" ಎಂದು ಕೇಳಿದೆ.

"ಮುಂದೆ ಗೊತ್ತಿಲ್ಲಪ್ಪ. ಥ್ಯಾಂಕ್ಯೂ ಎಲ್ಲಾ ಮುಗಿದ್ಮೇಲೆ ಹೇಳ್ಕೊಡ್ತಾರಂತೆ."

ಅವಳು ಮುಂದಿನ ವರ್ಷ ಐದನೇ ಕ್ಲಾಸು. ಪಟ್ಟಿ ಈಗ ಅದರ ಮುಂದಿನ ವರ್ಷದ ನವೆಂಬರ್ ಮುಟ್ಟಿದೆ. ನಾನು ಆಲೂಗಡ್ಡೆಯ ಬಟ್ಟಲನ್ನು ಅವಳ ಕಡೆ ಸರಿಸಿದೆ.

"ಥ್ಯಾಂಕ್ಯೂ ಅಪ್ಪ" ಎಂದಳು. ಎಷ್ಟು ಚೆನ್ನಾಗಿ ಕಲಿತಿದ್ದಾಳೆ.